ಗಲ್ಲು, ಸಾಯುವ ತನಕ ಜೈಲು, ಕಡ್ಡಾಯ ಹತ್ತು ವರ್ಷ, ಇಲ್ಲವೇ ಬೇಗ ತೀರ್ಪು: ನಾವು ಯಾವುದನ್ನು ಕೇಳಬೇಕು?

ಎಲ್ಲೋ ಮನಸ್ಸು ಕಲಕುವಂಥ ಅಪರಾಧ ನಡೆಯುತ್ತದೆ. ಎರಡೇ ದಿನದಲ್ಲಿ ಊರೂರಿನಲ್ಲಿ ಮೆರವಣಿಗೆ, ಮೇಣದಬತ್ತಿ, ತಹಶೀಲ್ದಾರ್ ಕಚೇರಿ ಮುಂದೆ ಧರಣಿ. ಆಮೇಲೆ ಮನವಿ ಪತ್ರ ಬರೆಯಲು ಕೂತಾಗ ಪ್ರಶ್ನೆ ಶುರುವಾಗುತ್ತದೆ. ಕೊನೆಗೆ ನಾವು ಕೇಳುವುದು ಏನನ್ನು? ಗಲ್ಲಿಗೇರಿಸಿ ಅಂತ ಬರೆಯಬೇಕೇ, ಸಾಯುವ ತನಕ ಒಳಗಿಡಿ ಅಂತಲೇ, ಇಂಥ ತಪ್ಪಿಗೆ ಕನಿಷ್ಠ ಇಷ್ಟು ವರ್ಷ ಕಡ್ಡಾಯ ಮಾಡಿ ಅಂತಲೇ, ಅಥವಾ ಈಗಿರುವ ಕಾನೂನನ್ನೇ ನೆಟ್ಟಗೆ ಜಾರಿ ಮಾಡಿ ಅಂತಲೇ? ಮಹಿಳಾ ಸಂಘದವರು, ಕಾಲೇಜು ಹುಡುಗ ಹುಡುಗಿಯರು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಎಲ್ಲರೂ ಈ ಗೊಂದಲಕ್ಕೆ ಬಂದು ನಿಲ್ಲುತ್ತಾರೆ. ಈ ಬರಹ ಅವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೋಪ ನ್ಯಾಯವಾದದ್ದು. ಅದನ್ನು ತಣ್ಣಗೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಸರ್ಕಾರ ನಮ್ಮ ಮಾತು ಕೇಳುವುದೇ ಅಪರೂಪ. ಹಾಗೆ ಕೇಳಿದ ಆ ಒಂದು ವಾರದಲ್ಲಿ ಫಲ ಕೊಡದ ಬೇಡಿಕೆ ಇಟ್ಟು ಬಂದರೆ ಮುಂದಿನ ಮಗುವಿಗೆ, ಮುಂದಿನ ಹೆಣ್ಣುಮಗಳಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಅಳೆದು ನೋಡಿ ಆರಿಸಬೇಕು.

ಯಾವುದರಿಂದ ಅಳೆಯುವುದು?

ಒಂದು, ಈ ಶಿಕ್ಷೆ ಇದೆ ಅನ್ನುವ ಕಾರಣಕ್ಕೆ ಇನ್ನೊಬ್ಬ ಅದೇ ತಪ್ಪು ಮಾಡಲು ಹೆದರುತ್ತಾನೆಯೇ? ಎರಡು, ತಪ್ಪು ಮಾಡಿದವನೇ ಮತ್ತೆ ಮಾಡದಂತೆ ತಡೆಯುತ್ತದೆಯೇ? ಮೂರು, ಶಿಕ್ಷೆ ಜಾಸ್ತಿಯಾದಾಗ ದೂರು ಕೊಡುವವರು, ಸಾಕ್ಷಿ ಹೇಳುವವರು, ತಪ್ಪಿತಸ್ಥ ಎಂದು ತೀರ್ಪು ಕೊಡುವ ನ್ಯಾಯಾಧೀಶರು ಹೆಚ್ಚುತ್ತಾರೋ, ಹಿಂಜರಿಯುತ್ತಾರೋ? ನಾಲ್ಕು, ತಪ್ಪು ಮನುಷ್ಯನಿಗೆ ಶಿಕ್ಷೆಯಾಗಿದ್ದರೆ ತಿದ್ದಿಕೊಳ್ಳಲು ದಾರಿ ಇದೆಯೇ? ಐದು, ನೊಂದವರಿಗೆ, ಅವರ ಮನೆಯವರಿಗೆ ಏನು ಸಿಗುತ್ತದೆ, ಎಷ್ಟು ವರ್ಷ ಕೋರ್ಟಿಗೆ ಅಲೆಯಬೇಕು? ಆರನೆಯದು ಖರ್ಚು. ಜೈಲು, ಪೊಲೀಸು, ಕೋರ್ಟು ಎಲ್ಲವೂ ನಡೆಯುವುದು ನಮ್ಮ ತೆರಿಗೆಯಿಂದಲೇ ಅಲ್ವಾ?

ಇವುಗಳಲ್ಲಿ ನಾನು ಜಾಸ್ತಿ ತೂಕ ಕೊಡುವುದು ಮೂರನೆಯದಕ್ಕೆ. ಕಾರಣ ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ, ಕೋರ್ಟಿನಲ್ಲಿ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳ ಪೈಕಿ ಶಿಕ್ಷೆಯಾದದ್ದು ಸುಮಾರು ಶೇ 27ರಲ್ಲಿ. ಕೊಲೆ ಪ್ರಕರಣಗಳಲ್ಲೂ ಅರ್ಧಕ್ಕಿಂತ ಕಡಿಮೆ. ಅಂದರೆ ನಾಲ್ಕು ಅತ್ಯಾಚಾರದ ಕೇಸು ಮುಗಿದರೆ ಹೆಚ್ಚುಕಡಿಮೆ ಮೂರರಲ್ಲಿ ಆರೋಪಿ ಖುಲಾಸೆಯಾಗಿ ಮನೆಗೆ ಹೋಗುತ್ತಾನೆ. ಶಿಕ್ಷೆ ಏಳು ವರ್ಷವೋ, ಇಪ್ಪತ್ತು ವರ್ಷವೋ, ಗಲ್ಲೋ ಅನ್ನುವ ನಮ್ಮ ಜಗಳವೆಲ್ಲ ಉಳಿದ ಆ ಒಂದು ಕೇಸಿನ ಬಗ್ಗೆ ಮಾತ್ರ. ದೂರೇ ದಾಖಲಾಗದ ಘಟನೆಗಳು ಈ ಲೆಕ್ಕಕ್ಕೆ ಬಂದೇ ಇಲ್ಲ.

ಗಲ್ಲು

ಜನ ಮೊದಲು ಕೇಳುವುದು ಇದನ್ನೇ, ಹಾಗಾಗಿ ಇದರ ಬಗ್ಗೆ ವಿವರವಾಗಿ ಹೇಳುತ್ತೇನೆ.

ಗಲ್ಲಿನ ಪರವಾಗಿರುವ ಗಟ್ಟಿ ವಾದ ಒಂದಿದೆ: ಕೆಲವು ಕೃತ್ಯಗಳು ಎಷ್ಟು ಕ್ರೂರವೆಂದರೆ ಅದಕ್ಕಿಂತ ಕಡಿಮೆ ಏನು ಕೊಟ್ಟರೂ ಸತ್ತವರಿಗೆ ಅವಮಾನ ಅನ್ನಿಸುತ್ತದೆ. ಸುಪ್ರೀಂ ಕೋರ್ಟ್ ಕೂಡ 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಗಲ್ಲನ್ನು ತೆಗೆದುಹಾಕಲಿಲ್ಲ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅಂತ ಉಳಿಸಿಕೊಂಡಿತು. ಗಲ್ಲಿಗೇರಿದವನು ಮತ್ತೆ ತಪ್ಪು ಮಾಡುವುದಿಲ್ಲ ಅನ್ನುವುದೂ ನಿಜ. ಆದರೆ ಆ ಕೆಲಸ ಜೈಲಿನಿಂದಲೂ ಆಗುತ್ತದೆ.

ಹೆದರಿಕೆಯ ವಿಷಯಕ್ಕೆ ಬಂದರೆ ಲೆಕ್ಕ ಹೊಂದುವುದಿಲ್ಲ. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮೂರು ದಶಕಗಳ ಅಧ್ಯಯನಗಳನ್ನು ಜಾಲಾಡಿತು. ಗಲ್ಲಿನಿಂದ ಕೊಲೆ ಕಡಿಮೆಯಾಗುತ್ತದೆ ಅಂತಲಾಗಲೀ ಜಾಸ್ತಿಯಾಗುತ್ತದೆ ಅಂತಲಾಗಲೀ ಹೇಳಲು ಅವು ಯಾವುದೂ ಸಾಲುವುದಿಲ್ಲ ಅಂದಿತು. ನಮ್ಮಲ್ಲೇ 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನೇಮಕವಾದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರಲ್ಲಿ, ದೇಶವೇ ಕುದಿಯುತ್ತಿದ್ದ ಹೊತ್ತಿನಲ್ಲೂ, ಅತ್ಯಾಚಾರಕ್ಕೆ ಗಲ್ಲು ಬೇಡ ಅಂದಿತು. ಕಾನೂನು ಆಯೋಗ ತನ್ನ 2015ರ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ಮೇಲಿನ ಯುದ್ಧ ಬಿಟ್ಟು ಉಳಿದದ್ದಕ್ಕೆ ಗಲ್ಲು ತೆಗೆಯಿರಿ ಅಂದಿತು.

ಇನ್ನು ಕಾಲದ ಲೆಕ್ಕ. ನಮ್ಮ ರಾಜ್ಯದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಉಮೇಶ್ ರೆಡ್ಡಿ ಬೆಂಗಳೂರಿನಲ್ಲಿ ಒಬ್ಬ ಮಹಿಳೆಯ ಮೇಲೆ ಅತ್ಯಾಚಾರ ಎಸಗಿ ಕೊಂದದ್ದು 1998ರಲ್ಲಿ. ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿದ್ದು 2006ರಲ್ಲಿ. ಹೈಕೋರ್ಟ್, 2011ರಲ್ಲಿ ಸುಪ್ರೀಂ ಕೋರ್ಟ್, 2013ರಲ್ಲಿ ರಾಷ್ಟ್ರಪತಿಗಳು, ಎಲ್ಲ ಹಂತದಲ್ಲೂ ಗಲ್ಲೇ ಉಳಿಯಿತು. ಆದರೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಕಾನೂನಿಗೆ ವಿರುದ್ಧವಾಗಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿಟ್ಟಿದ್ದರು ಅನ್ನುವ ಕಾರಣಕ್ಕೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಅದನ್ನು ಕನಿಷ್ಠ 30 ವರ್ಷದ ಜೈಲಿಗೆ ಇಳಿಸಿತು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ವೀರಪ್ಪನ್ ಸಹಚರರಾದ ನಾಲ್ವರಿಗೆ 2004ರಲ್ಲಿ ಗಲ್ಲು ವಿಧಿಸಲಾಗಿತ್ತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವಷ್ಟರಲ್ಲಿ ಎಷ್ಟು ವಿಳಂಬವಾಯಿತೆಂದರೆ, 2014ರ ಜನವರಿಯಲ್ಲಿ ಆ ಕಾರಣಕ್ಕೇ ಜೀವಾವಧಿಗೆ ಇಳಿಯಿತು. ದೇಶದ ಕಣ್ಣೆಲ್ಲ ನೆಟ್ಟಿದ್ದ ದೆಹಲಿಯ 2012ರ ಪ್ರಕರಣದಲ್ಲಿ ಮೊದಲ ತೀರ್ಪು ಒಂಬತ್ತು ತಿಂಗಳಲ್ಲೇ ಬಂದಿತ್ತು. ಆದರೂ ನಾಲ್ವರನ್ನು ಗಲ್ಲಿಗೇರಿಸುವಾಗ 2020ರ ಮಾರ್ಚ್ 20 ಆಗಿತ್ತು. ವೇಗವಾಗಿ ನಡೆದ ಪ್ರಕರಣದಲ್ಲೇ ಇಷ್ಟು ಕಾಲ. ಆ ಏಳು ವರ್ಷ ಸತ್ತ ಹುಡುಗಿಯ ತಾಯಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಶತಮಾನದ ಮೊದಲ ದಶಕ ಮತ್ತು ಅದರ ಆಸುಪಾಸಿನ ವರ್ಷಗಳಲ್ಲಿ ಕೆಳ ನ್ಯಾಯಾಲಯಗಳು ಕೊಟ್ಟ ಗಲ್ಲು ಶಿಕ್ಷೆಗಳ ಪೈಕಿ ಕೊನೆಯ ತನಕ ಉಳಿದದ್ದು ನೂರಕ್ಕೆ ಐದರಷ್ಟು. ಸುಮಾರು ಮೂವತ್ತರಷ್ಟು ಪ್ರಕರಣಗಳಲ್ಲಿ ಆರೋಪಿ ಪೂರ್ತಿ ಖುಲಾಸೆಯೇ ಆಗಿದ್ದಾನೆ.

ನನ್ನನ್ನು ಬಹಳ ಕಾಡುವುದು ಇದು. 2009ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರು ಜನರಿಗೆ ಗಲ್ಲು ಖಾಯಂ ಮಾಡಿತು. ಅವರಲ್ಲಿ ಮೂವರಿಗೆ ಹೈಕೋರ್ಟ್ ಜೀವಾವಧಿ ಅಂದಿತ್ತು, ಅದನ್ನೂ ಗಲ್ಲಿಗೆ ಏರಿಸಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರಪರಾಧಿಗಳು ಅಂತ ಬಿಡುಗಡೆ ಮಾಡಿತು, ಒಬ್ಬೊಬ್ಬರಿಗೆ ಐದು ಲಕ್ಷ ಪರಿಹಾರ ಕೊಡಿ ಅಂದಿತು. ಅಷ್ಟರಲ್ಲಿ ಅವರು ಹದಿನಾರು ವರ್ಷ ಜೈಲಿನಲ್ಲಿ ಕಳೆದಿದ್ದರು. ಆರೂ ಜನ ಅಲೆಮಾರಿ ಸಮುದಾಯದ ಬಡವರು. ಬೇಗ ಗಲ್ಲಿಗೇರಿಸಿ ಅನ್ನುವ ಬೇಡಿಕೆ ಈ ಪ್ರಕರಣದಲ್ಲಿ ಈಡೇರಿದ್ದರೆ ಏನಾಗುತ್ತಿತ್ತು ಅಂತ ಒಂದು ಕ್ಷಣ ಯೋಚಿಸಿ.

ಮೂರನೆಯ ಅಳತೆಗೆ, ಅಂದರೆ ದೂರಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಅತ್ಯಾಚಾರದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಗೊತ್ತಿರುವವನೇ: ನೆಂಟ, ಪಕ್ಕದ ಮನೆಯವನು, ಕೆಲಸ ಕೊಟ್ಟವನು, ಪ್ರೀತಿಸುತ್ತೇನೆ ಅಂದವನು. ಮಗು ಬಂದು ಚಿಕ್ಕಪ್ಪನ ಹೆಸರು ಹೇಳಿದಾಗ ಆ ಮನೆಯಲ್ಲಿ ಏನು ನಡೆಯುತ್ತದೆ? "ಅವನನ್ನು ಗಲ್ಲಿಗೆ ಹಾಕಿಸ್ತೀಯಾ?" ಅನ್ನುವ ಒಂದೇ ಪ್ರಶ್ನೆಗೆ ಮಗುವಿನ ಬಾಯಿ ಮುಚ್ಚಿಹೋಗುತ್ತದೆ. 2018ರಲ್ಲಿ ಹನ್ನೆರಡು ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಗಲ್ಲು ಸೇರಿಸಿದಾಗ ಮಕ್ಕಳ ಹಕ್ಕುಗಳ ಕೆಲಸ ಮಾಡುವ ಹಲವರು ಎತ್ತಿದ ಆಕ್ಷೇಪ ಇದೇ. ಇನ್ನೊಂದು ಭಯವೂ ಇದೆ. ಅತ್ಯಾಚಾರಕ್ಕೂ ಗಲ್ಲು, ಕೊಲೆಗೂ ಗಲ್ಲು ಅಂತಾದರೆ ಇರುವ ಒಬ್ಬಳೇ ಸಾಕ್ಷಿಯನ್ನು ಅವನು ಬದುಕಲು ಯಾಕೆ ಬಿಡುತ್ತಾನೆ?

ಸಾಯುವ ತನಕ ಜೈಲು, ಇಲ್ಲವೇ 25–30 ವರ್ಷ ಬಿಡುಗಡೆಯಿಲ್ಲದ ಜೈಲು

ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಕಾನೂನಿನ ಪ್ರಕಾರ ಜೀವಾವಧಿ ಅಂದರೆ ಬದುಕಿರುವ ತನಕ. ಕೊಲೆಯಂಥ ಅಪರಾಧದಲ್ಲಿ ಹದಿನಾಲ್ಕು ವರ್ಷ ಕಳೆಯುವ ತನಕ ಸರ್ಕಾರ ಬಿಡುಗಡೆ ಮಾಡುವಂತಿಲ್ಲ, ಕಳೆದ ಮೇಲೆ ಪರಿಶೀಲಿಸಬಹುದು. ಅಷ್ಟೇ. ಅದು ಹಕ್ಕಲ್ಲ. ಆದರೆ ಸನ್ನಡತೆಯ ಹೆಸರಿನಲ್ಲಿ ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಕ್ಕೆ ಬಿಡುಗಡೆಯಾಗುವುದನ್ನು ಜನ ನೋಡುತ್ತಾ ಬಂದಿದ್ದಾರೆ, ಹಾಗಾಗಿ ಆ ನಂಬಿಕೆ ಗಟ್ಟಿಯಾಗಿದೆ.

ಈ ಆಯ್ಕೆ ರೂಪುಗೊಂಡದ್ದು ಬೆಂಗಳೂರಿನದೇ ಒಂದು ಪ್ರಕರಣದಿಂದ. ಹೆಂಡತಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತಿಟ್ಟಿದ್ದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದ ಸಂಕಟ ಇದು: ಗಲ್ಲು ಅತಿಯಾಯಿತು, ಹದಿನಾಲ್ಕು ವರ್ಷ ತೀರಾ ಕಡಿಮೆಯಾಯಿತು, ನಡುವೆ ಏನೂ ಇಲ್ಲ. ಕೋರ್ಟ್ ಅವನನ್ನು ಉಸಿರಿರುವ ತನಕ ಬಿಡಬಾರದು ಅಂದಿತು. 2015ರಲ್ಲಿ ಸಂವಿಧಾನ ಪೀಠ ಈ ದಾರಿಯನ್ನು ಒಪ್ಪಿತು. ಹೈಕೋರ್ಟ್, ಸುಪ್ರೀಂ ಕೋರ್ಟುಗಳು ಗಲ್ಲಿನ ಬದಲು ಇಷ್ಟು ವರ್ಷ ಬಿಡುಗಡೆಯಿಲ್ಲ ಅಂತ ನಿಗದಿ ಮಾಡಬಹುದು. ಹಳೆಯ ದಂಡ ಸಂಹಿತೆಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕೆಲವು ಸೆಕ್ಷನ್ನುಗಳಲ್ಲಿ ಜೀವಾವಧಿ ಅಂದರೆ ಉಳಿದ ಆಯುಷ್ಯ ಪೂರ್ತಿ ಅಂತ ಬರೆದೇ ಇದೆ.

ಅಳತೆಗೆ ಹಚ್ಚಿ ನೋಡಿದರೆ ಇದು ಚೆನ್ನಾಗಿಯೇ ನಿಲ್ಲುತ್ತದೆ. ಅಪಾಯಕಾರಿ ಮನುಷ್ಯ ಹೊರಗೆ ಬರುವುದಿಲ್ಲ. ನಾಳೆ ಅವನು ನಿರಪರಾಧಿ ಅಂತ ತಿಳಿದರೆ ಬಾಗಿಲು ತೆರೆಯಬಹುದು. ಕ್ಷಮಾದಾನದ ಅರ್ಜಿ, ಗಲ್ಲಿನ ವಾರಂಟ್, ಮಧ್ಯರಾತ್ರಿಯ ವಿಚಾರಣೆ ಇವೆಲ್ಲ ಇಲ್ಲದ್ದರಿಂದ ನೊಂದ ಮನೆಯವರಿಗೆ ಒಂದು ಕೊನೆ ಅಂತ ಸಿಗುತ್ತದೆ. 2002ರ ಗುಜರಾತ್ ಗಲಭೆಯ ವೇಳೆ ನಡೆದ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆ ಪ್ರಕರಣದ 11 ಜೀವಾವಧಿ ಕೈದಿಗಳನ್ನು 2022ರ ಆಗಸ್ಟ್ 15ರಂದು ಬಿಟ್ಟಾಗ ಆ ಹೆಣ್ಣುಮಗಳು ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, 2024ರ ಜನವರಿಯಲ್ಲಿ ಆ ಬಿಡುಗಡೆ ರದ್ದಾಯಿತು. ಅಂಥ ಅಲೆದಾಟ ತಪ್ಪಿಸಲು ತೀರ್ಪಿನಲ್ಲೇ ವರ್ಷ ನಮೂದಾಗಿರುವುದು ಒಳ್ಳೆಯದು.

ಬೆಲೆ ಏನು? ಮುದುಕರಾದ ಕೈದಿಗಳು, ಅವರ ಔಷಧಿ, ಆಸ್ಪತ್ರೆಗೆ ಬೆಂಗಾವಲು. ಎಂದೂ ಹೊರಗೆ ಹೋಗುವುದಿಲ್ಲ ಅಂತ ಗೊತ್ತಿರುವವನಿಗೆ ಜೈಲಿನೊಳಗೆ ಸರಿಯಾಗಿ ನಡೆದುಕೊಳ್ಳಲು ಕಾರಣವೂ ಉಳಿಯುವುದಿಲ್ಲ, ಅವನನ್ನು ಕಾಯುವ ಸಿಬ್ಬಂದಿಗೆ ಅದು ನಿತ್ಯದ ಅಪಾಯ. ಅದಕ್ಕೇ ನನಗೆ ಸಾಯುವ ತನಕ ಅನ್ನುವುದಕ್ಕಿಂತ 25 ಅಥವಾ 30 ವರ್ಷ ಬಿಡುಗಡೆಯಿಲ್ಲ, ಆಮೇಲೆ ಪರಿಶೀಲನೆ ಅನ್ನುವುದು ಸರಿ ಅನ್ನಿಸುತ್ತದೆ. ಮೂವತ್ತರ ವಯಸ್ಸಿನಲ್ಲಿ ಒಳಗೆ ಹೋದವನು ಅರವತ್ತಕ್ಕೆ ಹೊರಬಂದರೆ ಅವನಿಂದ ಇರುವ ಅಪಾಯ ಬೇರೆಯದೇ.

ಕನಿಷ್ಠ ಇಷ್ಟು ವರ್ಷ ಕಡ್ಡಾಯ

ಕೇಳಲು ಬಹಳ ಹಿತವಾಗಿರುವ ಬೇಡಿಕೆ ಇದು, ಮತ್ತು ಒಂದು ಕಾಲದಲ್ಲಿ ಇದರ ಅಗತ್ಯ ನಿಜವಾಗಿಯೂ ಇತ್ತು. 2013ಕ್ಕೆ ಮೊದಲು ಅತ್ಯಾಚಾರಕ್ಕೆ ಕನಿಷ್ಠ ಏಳು ವರ್ಷ ಅಂತಿದ್ದರೂ ವಿಶೇಷ ಕಾರಣವಿದ್ದರೆ ಕಡಿಮೆ ಮಾಡಬಹುದು ಅನ್ನುವ ಸಾಲೊಂದಿತ್ತು. ಹುಡುಗನಿಗೆ ಚಿಕ್ಕ ವಯಸ್ಸು, ಮನೆಯಲ್ಲಿ ದುಡಿಯುವವರಿಲ್ಲ, ಇಬ್ಬರೂ ಈಗ ರಾಜಿಯಾಗಿದ್ದಾರೆ, ಹೀಗೆ ಏನೇನೋ ಕಾರಣಕ್ಕೆ ಶಿಕ್ಷೆ ಇಳಿಯುತ್ತಿತ್ತು. ಆ ಸಾಲನ್ನು ತೆಗೆದದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ಆದರೆ ಕನಿಷ್ಠವನ್ನು ಏರಿಸುತ್ತಾ ಹೋದರೆ ಇನ್ನೊಂದು ಕಡೆ ಸೋರುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲಿತ್ತು. ಮನೆಯೊಳಗಿನಿಂದ 40 ಶಿಲಿಂಗ್ ಬೆಲೆಯ ಮಾಲು ಕದ್ದರೂ ಗಲ್ಲೇ. ತೀರ್ಪು ಹೇಳುವ ಪಂಚರು (ಜೂರಿಯವರು) ಏನು ಮಾಡುತ್ತಿದ್ದರು ಗೊತ್ತೇ? ಕದ್ದ ಮಾಲಿನ ಬೆಲೆ 39 ಶಿಲಿಂಗ್ ಅಂತ ತೀರ್ಮಾನಿಸುತ್ತಿದ್ದರು. ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಮನುಷ್ಯರು ತೀರ್ಪನ್ನೇ ಬಗ್ಗಿಸುತ್ತಾರೆ. ಇಲ್ಲೂ ಅಷ್ಟೇ, ಕೈಕಟ್ಟಿದ ನ್ಯಾಯಾಧೀಶರ ಮುಂದೆ ಎರಡೇ ದಾರಿ: ಇಪ್ಪತ್ತು ವರ್ಷ ಅಥವಾ ಖುಲಾಸೆ. ಸ್ವಲ್ಪ ಅನುಮಾನ ಬಂದರೂ ಎರಡನೆಯದರ ಕಡೆಗೇ ಮನಸ್ಸು ವಾಲುತ್ತದೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆ ನೋಡಿ. 2019ರ ತಿದ್ದುಪಡಿಯ ನಂತರ ಅದರಲ್ಲಿ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ, ಮಗು ಹದಿನಾರರ ಒಳಗಿದ್ದರೆ ಕನಿಷ್ಠ ಇಪ್ಪತ್ತು. ಸಣ್ಣ ಮಕ್ಕಳನ್ನು ಹಾಳುಗೆಡವಿದವನಿಗೆ ಇದು ಜಾಸ್ತಿಯಲ್ಲ. ಆದರೆ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿ ಓಡಿಹೋದಾಗ, ಬೇರೆ ಜಾತಿ ಅನ್ನುವ ಸಿಟ್ಟಿಗೆ ಹುಡುಗಿಯ ಮನೆಯವರು ಕೊಡುವ ದೂರೂ ಇದೇ ಕಾಯ್ದೆಯಡಿ ಬರುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಅಂದಿತು, ಆದರೆ 16ರಿಂದ 18ರ ನಡುವಿನ ಒಪ್ಪಿಗೆಯ ಪ್ರಕರಣಗಳಲ್ಲಿ ಶಿಕ್ಷೆ ಇಳಿಸುವ ಅಧಿಕಾರ ನ್ಯಾಯಾಧೀಶರಿಗೆ ಇರಲಿ ಅಂದಿತು. ನನಗೂ ಅದೇ ಸರಿ ಕಾಣುತ್ತದೆ.

ಮಾದಕ ವಸ್ತುಗಳ ಕಾಯ್ದೆಯ ಕಥೆ ಇನ್ನೂ ಪಾಠ ಕಲಿಸುವಂಥದ್ದು. 1985ರಲ್ಲಿ ಬಂದಾಗ ಮಾರಾಟದ ಬಹುತೇಕ ಅಪರಾಧಗಳಿಗೆ ಪ್ರಮಾಣ ಎಷ್ಟೇ ಇರಲಿ ಕನಿಷ್ಠ ಹತ್ತು ವರ್ಷ ಇತ್ತು. ಬೀದಿಯಲ್ಲಿ ಪೊಟ್ಟಣ ಮಾರುವವನೂ, ಲಾರಿಗಟ್ಟಲೆ ಸಾಗಿಸುವವನೂ ಒಂದೇ ತಕ್ಕಡಿಯಲ್ಲಿ. ಹದಿನಾರು ವರ್ಷದ ನಂತರ, 2001ರಲ್ಲಿ, ಸರ್ಕಾರವೇ ಹಿಂದೆ ಸರಿದು ಪ್ರಮಾಣದ ಮೇಲೆ ಶಿಕ್ಷೆ ನಿಗದಿ ಮಾಡಿತು. ಈಗ ಗಾಂಜಾ ಒಂದು ಕೆಜಿ ತನಕ ಸಣ್ಣ ಪ್ರಮಾಣ, ಇಪ್ಪತ್ತು ಕೆಜಿ ದಾಟಿದರೆ ಕನಿಷ್ಠ ಹತ್ತು ವರ್ಷ. ಕ್ಯಾಲಿಫೋರ್ನಿಯಾ 1994ರಲ್ಲಿ ಎರಡು ಗಂಭೀರ ಅಪರಾಧಗಳ ನಂತರ ಮೂರನೆಯ ಸಲ ತಪ್ಪಿತಸ್ಥನಾದರೆ ಕನಿಷ್ಠ 25 ವರ್ಷ ಅಂತ ಕಾನೂನು ಮಾಡಿತು. ಗಾಲ್ಫ್ ಆಡುವ ಮೂರು ಕೋಲು ಕದ್ದವನಿಗೂ 25 ವರ್ಷವಾಯಿತು. ಅದೊಂದರಿಂದಲೇ ಅಲ್ಲ, ಆದರೆ ಅಂಥ ಕಾನೂನುಗಳೂ ಸೇರಿ ಅಲ್ಲಿನ ಜೈಲುಗಳು ಎಷ್ಟು ತುಂಬಿದವೆಂದರೆ 2011ರಲ್ಲಿ ಕೈದಿಗಳನ್ನು ಕಡಿಮೆ ಮಾಡಿ ಅಂತ ಅಮೆರಿಕದ ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯಿತು. ಮರುವರ್ಷ ಅಲ್ಲಿನ ಜನರೇ ಮತ ಹಾಕಿ ಆ ಕಾನೂನನ್ನು ಗಂಭೀರ ಅಪರಾಧಗಳಿಗೆ ಸೀಮಿತ ಮಾಡಿದರು.

ನಮ್ಮ ಜೈಲುಗಳಲ್ಲಿ ಜಾಗ ಎಲ್ಲಿದೆ? 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ. ನೂರು ಜನರ ಜಾಗದಲ್ಲಿ 131 ಜನ. ಅವರಲ್ಲಿ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆಯೇ ಮುಗಿಯದ ವಿಚಾರಣಾಧೀನ ಕೈದಿಗಳು.

ಲಾರಿ ಚಾಲಕರ ಮುಷ್ಕರ ನೆನಪಿದೆಯಲ್ಲ? ಅಪಘಾತದಲ್ಲಿ ಸಾವಿಗೆ ಕಾರಣನಾಗಿ ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದ ತನಕ ಜೈಲು ಅಂತ ಹೊಸ ಸಂಹಿತೆಯಲ್ಲಿ ಸೇರಿಸಿದಾಗ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ನಿಂತವು, ಪೆಟ್ರೋಲ್ ಬಂಕಿನ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆಯಿತು. ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಸೆಕ್ಷನ್ ಮಾತ್ರ ಜಾರಿಯಾಗಲಿಲ್ಲ. ಚಾಲಕರು ಹೇಳಿದ್ದರಲ್ಲಿ ಅರ್ಥವಿತ್ತು: ನಿಂತರೆ ಜನ ಹೊಡೆದು ಸಾಯಿಸುತ್ತಾರೆ. ಜೀವಭಯದಲ್ಲಿ ಓಡುವವನನ್ನು ಹತ್ತು ವರ್ಷದ ಬೆದರಿಕೆ ನಿಲ್ಲಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಹಿಂದೆ ಇದ್ದ ಗರಿಷ್ಠ ಎರಡು ವರ್ಷವನ್ನು ಐದಕ್ಕೆ ಏರಿಸಿದ್ದು ಮಾತ್ರ ತೀರಾ ಬೇಕಿತ್ತು.

ಅಷ್ಟೇ ಶಿಕ್ಷೆ, ಆದರೆ ಬೇಗ ಮತ್ತು ಖಚಿತವಾಗಿ

ಮೆರವಣಿಗೆಯಲ್ಲಿ ಕೂಗಲು ಈ ಬೇಡಿಕೆಗೆ ಘೋಷಣೆ ಸಿಗುವುದಿಲ್ಲ. ಆದರೂ ನನ್ನ ಮೊದಲ ಆಯ್ಕೆ ಇದೇ.

ಒಂದು ಕೇಸು ಎಲ್ಲಿ ಸಾಯುತ್ತದೆ ಅಂತ ಹಿಂಬಾಲಿಸಿ ನೋಡಿ. ಠಾಣೆಗೆ ಹೋದ ಮೊದಲ ದಿನವೇ ಎಫ್‌ಐಆರ್ ಹಾಕದೆ ರಾಜಿ ಮಾಡಿಕೊಳ್ಳಿ ಅಂದಾಗ ಅರ್ಧ ಸಾಯುತ್ತದೆ. ಸ್ಥಳದ ಮಹಜರು ಕಾಟಾಚಾರಕ್ಕೆ ಮುಗಿದರೆ, ರಕ್ತದ ಕಲೆಯ ಬಟ್ಟೆಯನ್ನು ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ, ವಿಧಿವಿಜ್ಞಾನ ಪ್ರಯೋಗಾಲಯದ, ಅಂದರೆ ಎಫ್‌ಎಸ್‌ಎಲ್ ವರದಿ ತಿಂಗಳುಗಟ್ಟಲೆ ಬರದಿದ್ದರೆ ಇನ್ನಷ್ಟು. ಆಮೇಲೆ ವಾಯಿದೆ ಮೇಲೆ ವಾಯಿದೆ. ಸಾಕ್ಷಿ ಹೇಳಬೇಕಾದ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು ಬಂದು ಸಂಜೆ ತನಕ ಕೋರ್ಟಿನ ಕಾರಿಡಾರಿನಲ್ಲಿ ನಿಂತು, ಮುಂದಿನ ತಿಂಗಳು ಬಾ ಅಂತ ಕೇಳಿಸಿಕೊಂಡು ಹೋಗುತ್ತಾನೆ. ನಾಲ್ಕನೆಯ ಸಲಕ್ಕೆ ಆರೋಪಿಯ ಕಡೆಯವರು ಮನೆ ಬಾಗಿಲಿಗೆ ಬರುತ್ತಾರೆ. ಐದನೆಯ ಸಲ ಅವನು ಕಟಕಟೆಯಲ್ಲಿ "ನಾನು ಏನೂ ನೋಡಿಲ್ಲ" ಅನ್ನುತ್ತಾನೆ. ಶಿಕ್ಷೆಯ ವರ್ಷ ಎಷ್ಟೇ ಏರಿಸಿ, ಇವುಗಳಲ್ಲಿ ಒಂದೂ ಸರಿಹೋಗುವುದಿಲ್ಲ.

ಸರಿಪಡಿಸುವ ದಾರಿಗಳು ಕಾಗದದ ಮೇಲೆ ಆಗಲೇ ಇವೆ. ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಅನ್ನುತ್ತದೆ ತನಿಖೆ, ವಿಚಾರಣೆಯ ವಿಧಾನ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆ. ಅದಕ್ಕೆ ರಾಜ್ಯಗಳಿಗೆ ಐದು ವರ್ಷದ ಗಡುವು ಇದೆ. ಅತ್ಯಾಚಾರ ಮತ್ತು ಪೋಕ್ಸೋ ಪ್ರಕರಣಗಳ ತ್ವರಿತಗತಿ ವಿಶೇಷ ನ್ಯಾಯಾಲಯಗಳ ಯೋಜನೆ 2019ರಲ್ಲೇ ಶುರುವಾಗಿದೆ. ಕೊರತೆ ಇರುವುದು ಜನರದ್ದು, ದುಡ್ಡಿನದ್ದು. ಬರೀ ಗಡುವು ಹಾಕಿದರೆ ಆಗುವುದಿಲ್ಲ ಅನ್ನುವುದಕ್ಕೆ ಆಂಧ್ರದ 2019ರ ದಿಶಾ ಮಸೂದೆ ನೋಡಿ. ಏಳು ದಿನದಲ್ಲಿ ತನಿಖೆ, ಹದಿನಾಲ್ಕು ದಿನದಲ್ಲಿ ವಿಚಾರಣೆ ಅಂತ ವಿಧಾನಸಭೆ ಪಾಸು ಮಾಡಿತು, ಅದು ಕಾನೂನಾಗಿ ಜಾರಿಗೇ ಬರಲಿಲ್ಲ. ಒಂದು ವೇಳೆ ಬಂದಿದ್ದರೂ ಪ್ರಯೋಗಾಲಯದಲ್ಲಿ ಡಿಎನ್‌ಎ ವರದಿ ಏಳು ದಿನದಲ್ಲಿ ಕೊಡುವವರು ಯಾರು?

ಇದರ ಕಷ್ಟ ಏನು ಗೊತ್ತೇ, ಖರ್ಚು ಕೂಡಲೇ ಬರುತ್ತದೆ, ಫಲ ನಿಧಾನ. ಶಿಕ್ಷೆ ಏರಿಸುವ ಮಸೂದೆಗೆ ಒಂದು ದಿನದ ಅಧಿವೇಶನ ಸಾಕು. ಪ್ರಯೋಗಾಲಯ ಕಟ್ಟಿ, ಸರ್ಕಾರಿ ಅಭಿಯೋಜಕರ (ಸರ್ಕಾರದ ಪರ ವಾದಿಸುವ ವಕೀಲರ) ಖಾಲಿ ಹುದ್ದೆ ತುಂಬಿ, ತನಿಖೆಗೆ ಪ್ರತ್ಯೇಕ ಪೊಲೀಸರನ್ನು ಇಟ್ಟು ಫಲ ಕಾಣಲು ವರ್ಷಗಳು ಬೇಕು. ಜೊತೆಗೆ ಅವಸರದಲ್ಲಿ ಸಿಕ್ಕವನನ್ನೇ ಹಿಡಿದು ಕೇಸು ಮುಗಿಸುವ ಅಪಾಯವೂ ಇದೆ. ಹಾಗಾಗಿ ಬೇಗ ಅನ್ನುವ ಬೇಡಿಕೆಯ ಜೊತೆ ಆರೋಪಿಗೆ ಒಳ್ಳೆಯ ಉಚಿತ ವಕೀಲರು ಅನ್ನುವುದನ್ನೂ ಸೇರಿಸಿ ಕೇಳಬೇಕು, ಕೇಳಲು ಮನಸ್ಸು ಒಪ್ಪದಿದ್ದರೂ.

ಶಿಕ್ಷೆಯ ಗಾತ್ರಕ್ಕಿಂತ ಸಿಕ್ಕಿಬೀಳುವ ಭಯ ಮುಖ್ಯ ಅನ್ನುವುದನ್ನು ನಾವೇ ರಸ್ತೆಯಲ್ಲಿ ಕಂಡಿದ್ದೇವೆ. 2019ರ ಸೆಪ್ಟೆಂಬರಿನಲ್ಲಿ ಸಂಚಾರ ದಂಡ ಒಮ್ಮೆಲೇ ಏರಿತು, ಅದೇ ತಿಂಗಳು ರಾಜ್ಯ ಸರ್ಕಾರ ಹಲವನ್ನು ಇಳಿಸಿತು, 2023ರಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ದಂಡದ ಮೊತ್ತ ಏರಿ ಇಳಿದರೂ, ಕ್ಯಾಮೆರಾ ಇರುವ ಸಿಗ್ನಲ್ಲಿನಲ್ಲಿ ನಿಲ್ಲುವವರು ಇಲ್ಲದ ಕಡೆ ನಿಲ್ಲುವುದಿಲ್ಲ.

ಸಣ್ಣ ತಪ್ಪಿಗೆ ಜೈಲೇ ಬೇಡ

ಕಠಿಣ ಶಿಕ್ಷೆಯ ಚರ್ಚೆಯಲ್ಲಿ ಇದನ್ನು ಯಾಕೆ ತಂದಿರಿ ಅನ್ನಬೇಡಿ. ಜಾಗದ ಲೆಕ್ಕಕ್ಕೆ ಇದು ಬೇಕು. ಹೊಸ ಸಂಹಿತೆ ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮೊದಲ ಕಳವು, ಕುಡಿದು ಗಲಾಟೆ, ಮಾನನಷ್ಟದಂಥ ಆರು ಬಗೆಯ ತಪ್ಪಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ತಂದಿದೆ. 1958ರ ಪ್ರೊಬೇಷನ್ ಕಾಯ್ದೆಯೂ ಇದೆ, ಬಳಕೆ ಕಡಿಮೆ. ಮೊದಲ ಸಲ ಸೈಕಲ್ ಕದ್ದ ಹುಡುಗ ಪಳಗಿದ ರೌಡಿಗಳ ಜೊತೆ ಮೂರು ತಿಂಗಳು ಇದ್ದು ಬಂದರೆ ಏನು ಕಲಿತು ಬರುತ್ತಾನೆ ಅಂತ ಹೇಳಬೇಕಾಗಿಲ್ಲ.

ಹಾಗಾದರೆ ಯಾರು ಯಾವುದನ್ನು ಕೇಳಬೇಕು?

ಮಕ್ಕಳ ಸುರಕ್ಷತೆ ನಿಮ್ಮ ಚಿಂತೆಯಾಗಿದ್ದರೆ ಶಿಕ್ಷೆಯ ವರ್ಷದ ಬಗ್ಗೆ ಒಂದು ಸಾಲೂ ಬರೆಯಬೇಡಿ, ಅದು ಈಗಾಗಲೇ ಗರಿಷ್ಠದಲ್ಲಿದೆ. ಜಿಲ್ಲೆಯ ಪೋಕ್ಸೋ ನ್ಯಾಯಾಲಯಕ್ಕೆ ಪೂರ್ಣಾವಧಿ ಅಭಿಯೋಜಕರು, ಹೇಳಿಕೆ ಕೊಡುವಾಗ ಮಗುವಿನ ಜೊತೆ ಇರಲು ತರಬೇತಿ ಪಡೆದ ಸಹಾಯಕರು, ಆರೋಪಿ ಮನೆಯವನೇ ಆಗಿದ್ದರೆ ಮಗುವಿಗೆ ಇರಲು ಬೇರೆ ಜಾಗ ಮತ್ತು ಮಧ್ಯಂತರ ಪರಿಹಾರ, ಇವನ್ನು ಕೇಳಿ.

ಒಂದು ಕ್ರೂರ ಕೊಲೆಯ ನೋವಿನಲ್ಲಿ ನೀವಿದ್ದರೆ, ಅವನು ಮತ್ತೆ ಹೊರಗೆ ಬರಬಾರದು ಅನ್ನುವುದೇ ನಿಮ್ಮ ಬಯಕೆಯಾದರೆ, ಗಲ್ಲಿನ ಬದಲು 30 ವರ್ಷ ಬಿಡುಗಡೆಯಿಲ್ಲದ ಜೀವಾವಧಿ ಕೇಳಿ. ಗಲ್ಲೇ ಬೇಕು ಅನ್ನುವವರಿದ್ದೀರಿ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಮುಂದಿನ ಹತ್ತಿಪ್ಪತ್ತು ವರ್ಷ ಅರ್ಜಿಗಳ ಹಿಂದೆ ಓಡಾಡುವ ಶಕ್ತಿ ಆ ಮನೆಯವರಿಗೆ ಇದೆಯೇ ಅಂತ ಅವರನ್ನೇ ಕೇಳಿ ತೀರ್ಮಾನಿಸಿ.

ಆ್ಯಸಿಡ್ ದಾಳಿಯ ವಿರುದ್ಧ ಹೋರಾಡುವವರಿಗೆ: ಕನಿಷ್ಠ ಹತ್ತು ವರ್ಷ 2013ರಿಂದಲೇ ಇದೆ. ಅದೇ ವರ್ಷ ಸುಪ್ರೀಂ ಕೋರ್ಟ್ ಅಂಗಡಿಯಲ್ಲಿ ಕೊಳ್ಳುವವರ ಹೆಸರು, ಗುರುತಿನ ಚೀಟಿ ಬರೆದಿಟ್ಟುಕೊಳ್ಳಬೇಕು, ನೊಂದವರಿಗೆ ಕನಿಷ್ಠ ಮೂರು ಲಕ್ಷ ಕೊಡಬೇಕು ಅಂದಿತು. ನಿಮ್ಮ ಊರಿನ ಅಂಗಡಿಯಲ್ಲಿ ಆ ಪುಸ್ತಕ ಇದೆಯೇ ಅಂತ ನೋಡಿ ಬನ್ನಿ.

ಮಾದಕ ವಸ್ತು, ಸುಲಿಗೆ ಗ್ಯಾಂಗು, ಪದೇ ಪದೇ ಸಿಕ್ಕಿಬೀಳುವ ರೌಡಿಗಳ ಕಾಟವಿರುವ ಬಡಾವಣೆಯವರಿಗೆ ಮಾತ್ರ ಕಠಿಣ ಕಾನೂನಿನಿಂದ ನೇರ ಲಾಭವಿದೆ, ಯಾಕೆಂದರೆ ಕೆಲವೇ ಜನ ಬಹಳಷ್ಟು ಅಪರಾಧ ಮಾಡುತ್ತಾರೆ. ಅಲ್ಲಿ ಜಾಮೀನಿಗೆ ಬಿಗಿ ಷರತ್ತು, ಪುನರಾವರ್ತನೆಗೆ ಹೆಚ್ಚಿನ ಶಿಕ್ಷೆ ಕೇಳಬಹುದು. ಆದರೆ ಪೊಟ್ಟಣ ಸೇದುವ ಹುಡುಗನನ್ನು ಅದರಿಂದ ಹೊರಗಿಡಿ ಅನ್ನುವ ಸಾಲೂ ಇರಲಿ.

ಇನ್ನು ದುಡ್ಡು. ಸರ್ಕಾರ ಒಂದಕ್ಕೆ ಮಾತ್ರ ಖರ್ಚು ಮಾಡುತ್ತೇನೆ ಅಂದರೆ ಪ್ರಯೋಗಾಲಯ ಮತ್ತು ಅಭಿಯೋಜಕರನ್ನು ಕೇಳಿ. ಏನೂ ಖರ್ಚು ಮಾಡುವುದಿಲ್ಲ ಅಂದರೂ ಕೇಳಬಹುದಾದದ್ದು ಇದೆ: ಸಾಕ್ಷಿ ಬಂದ ದಿನ ಅವನ ಹೇಳಿಕೆ ಪಡೆಯದೆ ಕಳಿಸಬೇಡಿ, ಅವನ ಪ್ರಯಾಣ ಭತ್ಯೆಯನ್ನು ಅಂದೇ ಕೊಡಿ.

ಮನವಿ ಬರೆಯುವ ಮೊದಲು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಿಮ್ಮ ಜಿಲ್ಲೆಯಲ್ಲಿ ಕಳೆದ ಐದು ವರ್ಷದಲ್ಲಿ ದಾಖಲಾದ ಪೋಕ್ಸೋ ಮತ್ತು ಕೊಲೆ ಪ್ರಕರಣ ಎಷ್ಟು, ದೋಷಾರೋಪ ಪಟ್ಟಿ ಎಷ್ಟು ದಿನಕ್ಕೆ ಹೋಯಿತು, ಎಷ್ಟರಲ್ಲಿ ಎಫ್‌ಎಸ್‌ಎಲ್ ವರದಿ ಬಾಕಿ, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟರಲ್ಲಿ ಸಾಕ್ಷಿ ತಿರುಗಿಬಿದ್ದು ಖುಲಾಸೆಯಾಯಿತು, ಅಭಿಯೋಜಕರ ಎಷ್ಟು ಹುದ್ದೆ ಖಾಲಿ ಅಂತ ಎಸ್‌ಪಿ ಕಚೇರಿಗೂ ಅಭಿಯೋಜನಾ ಇಲಾಖೆಗೂ ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಬಾಕಿ ಪ್ರಕರಣಗಳ ಲೆಕ್ಕ ನ್ಯಾಷನಲ್ ಜುಡಿಷಿಯಲ್ ಡೇಟಾ ಗ್ರಿಡ್ ಅನ್ನುವ ಕೋರ್ಟುಗಳ ಜಾಲತಾಣದಲ್ಲಿ ಜಿಲ್ಲಾವಾರು ಯಾರು ಬೇಕಾದರೂ ನೋಡಬಹುದು. ಉತ್ತರ ಬಂದಾಗ ಯಾವ ಹಂತದಲ್ಲಿ ಕೇಸುಗಳು ಉದುರುತ್ತಿವೆ ಅಂತ ಕಾಣುತ್ತದೆ. ಮನವಿಯ ಮೊದಲ ಸಾಲಿನಲ್ಲಿ ಆ ಹಂತವನ್ನು ಹೆಸರಿಸಿ ಬರೆಯಿರಿ.